ಪೆನೆಲೋಪಿಗೆ ಗೊತ್ತಿತ್ತು ಅನ್ನುವ ಮುಂಚೆ

ನಮಸ್ಕಾರ.

ನಿಮ್ಮ 'ಪೆನೆಲೋಪಿಗೆ ಮೊದಲೇ ಗೊತ್ತಿತ್ತು' ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ಬಿಟ್ಟುಬಿಡಿ ಅನ್ನಲೂ ಮನಸ್ಸು ಬರುತ್ತಿಲ್ಲ. ಯಾಕೆ ಅಂತ ಬಿಡಿಸಿ ಹೇಳುತ್ತೇನೆ.

ನಿಮ್ಮ ವಾದ ಇಷ್ಟು. ಗ್ರೀಕ್ ಕವಿ ಹೋಮರನ ಮಹಾಕಾವ್ಯ 'ಒಡಿಸ್ಸಿ'ಯ 19ನೇ ಸರ್ಗದಲ್ಲಿ, ಟ್ರಾಯ್ ಯುದ್ಧಕ್ಕೆ ಹೋಗಿದ್ದ ಒಡಿಸ್ಯೂಸ್ 20 ವರ್ಷದ ಮೇಲೆ ಭಿಕ್ಷುಕನ ವೇಷದಲ್ಲಿ ತನ್ನದೇ ಮನೆಯಲ್ಲಿ ಹೆಂಡತಿ ಪೆನೆಲೋಪಿಯ ಎದುರು ಕೂತು ಮಾತಾಡುತ್ತಾನೆ. ಅವಳಿಗೆ ಆಗಲೇ ಗುರುತು ಹತ್ತಿತ್ತು, ಅದಕ್ಕೇ ಮರುದಿನ, ತನ್ನನ್ನು ಮದುವೆಯಾಗಲು ಬಂದವರಿಗೆ ಗಂಡನ ಬಿಲ್ಲಿನ ಪಂದ್ಯ ಇಟ್ಟಳು ಅನ್ನುತ್ತೀರಿ. ಹೋಮರ ಇದನ್ನು ಬಾಯಿಬಿಟ್ಟು ಹೇಳಿಲ್ಲ, ನೀವು ಊಹಿಸಿದ್ದೀರಿ. ಊಹಿಸಿದ್ದು ತಪ್ಪಲ್ಲ. ಅವನು ಎಷ್ಟೋ ಕಡೆ ಪಾತ್ರಗಳ ಮಾತು, ನಡೆ ತೋರಿಸಿ ಸುಮ್ನೆ ಮುಂದಕ್ಕೆ ಹೋಗಿಬಿಡುತ್ತಾನೆ. ಊಹೆ ಮಾಡದೆ ಅವನನ್ನು ಓದುವುದಕ್ಕೇ ಆಗುವುದಿಲ್ಲ.

ತೊಂದರೆ ಎರಡನೇ ಪುಟದಲ್ಲಿದೆ. 'ಅವಳ ಎದೆ ಡವಡವ ಹೊಡೆದುಕೊಂಡಿತು, ತುಟಿಯಲ್ಲಿ ಗುಟ್ಟಿನ ನಗೆ ಮಿಂಚಿತು' ಅಂತ ಬರೆದಿದ್ದೀರಿ. ಮೂಲದಲ್ಲಿ ಆ ಎದೆಬಡಿತವೂ ಇಲ್ಲ, ಆ ನಗೆಯೂ ಇಲ್ಲ. ಆ ಸರ್ಗದಲ್ಲಿ ಇರುವುದು ಅಳು. ಒಡಿಸ್ಯೂಸನನ್ನು ಕ್ರೀಟ್‌ನಲ್ಲಿ ನೋಡಿದ್ದೆ ಎಂದು ಭಿಕ್ಷುಕ ಸುಳ್ಳು ಕಥೆ ಹೇಳುತ್ತಾನೆ. ಕೇಳುತ್ತಾ ಕೇಳುತ್ತಾ ಅವಳ ಕಣ್ಣೀರು ಇಳಿಯುತ್ತದೆ, ಬೆಟ್ಟದ ಮೇಲಿನ ಹಿಮ ಕರಗಿ ಹೊಳೆ ತುಂಬಿ ಹರಿಯುವ ಹಾಗೆ. ಪಕ್ಕದಲ್ಲೇ ಕೂತಿದ್ದ ಗಂಡನಿಗಾಗಿ ಅತ್ತಳು ಅನ್ನುತ್ತಾನೆ ಹೋಮರ. ಆ ಗಂಡನ ಕಣ್ಣು ಮಾತ್ರ ಕೊಂಬಿನ ಹಾಗೆ, ಕಬ್ಬಿಣದ ಹಾಗೆ ರೆಪ್ಪೆಯೊಳಗೆ ಅಲುಗದೆ ನಿಂತಿರುತ್ತದೆ. ನಮಗೆ ಗೊತ್ತು, ಅವಳಿಗೆ ಗೊತ್ತಿಲ್ಲ. ಕರುಳು ಕಿವುಚುವುದು ಅದಕ್ಕೇ ಅಲ್ವಾ? ಅವಳಿಗೂ ಗೊತ್ತಿತ್ತು ಅಂದರೆ ಈ ಅಳು ಏನು, ನಾಟಕವೇ? ಇದಕ್ಕೆ ನೀವು ಉತ್ತರ ಕೊಡಲೇಬೇಕು.

ಕಾಲು ತೊಳೆಯುವ ಪ್ರಸಂಗಕ್ಕೆ ಬರೋಣ. ಒಡಿಸ್ಯೂಸನನ್ನು ಎತ್ತಿ ಆಡಿಸಿದ ಮುದುಕಿ ಯೂರಿಕ್ಲಿಯಾ ಅವನ ಕಾಲು ತೊಳೆಯುತ್ತಾ, ಹಂದಿ ಬೇಟೆಯಲ್ಲಿ ಆದ ಹಳೇ ಗಾಯದ ಕಲೆಯನ್ನು ಸವರುತ್ತಾಳೆ. ಗುರುತು ಹತ್ತುತ್ತದೆ. ಕಾಲು ಕೈಜಾರಿ ಕಂಚಿನ ಪಾತ್ರೆಗೆ ಬೀಳುತ್ತದೆ, ಪಾತ್ರೆ ಠಣ್ಣೆಂದು ವಾಲಿ ನೀರೆಲ್ಲ ನೆಲಕ್ಕೆ ಚೆಲ್ಲುತ್ತದೆ. ಇದನ್ನು ಚೆನ್ನಾಗಿ ಬರೆದಿದ್ದೀರಿ. 'ಇಷ್ಟು ಸದ್ದಾದರೂ ಪೆನೆಲೋಪಿಗೆ ಕೇಳಿಸಲಿಲ್ಲವೇ?' ಅಂತ ಕೇಳಿದ್ದೀರಿ. ಒಳ್ಳೇ ಪ್ರಶ್ನೆ. ಆದರೆ ಉತ್ತರ ಅಲ್ಲೇ ಇದೆ. ಮುದುಕಿ ಒಡತಿಯ ಕಡೆ ನೋಡಿದಳು, ಒಡತಿ ಗಮನಿಸಲಿಲ್ಲ, ದೇವತೆ ಅಥೀನಾ ಅವಳ ಮನಸ್ಸನ್ನು ಬೇರೆ ಕಡೆ ತಿರುಗಿಸಿದ್ದಳು. ಹಿಂದಿನ ಸಾಲನ್ನೂ ಮುಂದಿನ ಸಾಲನ್ನೂ ತೆಗೆದುಕೊಂಡಿದ್ದೀರಿ, ಇದೊಂದನ್ನು ಬಿಟ್ಟಿದ್ದೀರಿ. ಮೂಲ ಓದಿದವರು ಇದನ್ನು ಹಿಡಿದರೆ ನಿಮ್ಮ ಉಳಿದ ಮಾತನ್ನೂ ನಂಬುವುದಿಲ್ಲ. ಅಡ್ಡ ಬರುವ ಸಾಲನ್ನು ನೀವೇ ಎತ್ತಿ ಮುಂದಿಡಿ. ಅಥೀನಾ ಮನಸ್ಸು ತಿರುಗಿಸಿದ್ದು ಆ ಒಂದು ಗಳಿಗೆಗೆ ಮಾತ್ರ ಅಂತ ವಾದ ಮಾಡಿ, ನಾನು ಕೇಳುತ್ತೇನೆ. ಹಾಗೇ 23ನೇ ಸರ್ಗದ ಮಂಚಕ್ಕೂ ಒಂದು ಪ್ಯಾರಾ ಬೇಕು. ಮಂಚ ಹೊರಗೆ ಹಾಕು ಅಂತ ಹೇಳಿ ಅವಳು ಗಂಡನನ್ನು ಪರೀಕ್ಷೆ ಮಾಡುತ್ತಾಳೆ. ಬೇರೂರಿದ ಆಲಿವ್ ಮರದ ಕಾಂಡವನ್ನೇ ಕಾಲು ಮಾಡಿ ಕಟ್ಟಿದ ಮಂಚ ಅದು, ಜರುಗಿಸಲು ಆಗದ್ದು. ಮೊದಲೇ ಗೊತ್ತಿದ್ದವಳಿಗೆ ಈ ಪರೀಕ್ಷೆ ಯಾಕೆ ಬೇಕಿತ್ತು?

ಇನ್ನು ನಿಮ್ಮ ಪರವಾಗಿ ಒಂದು ಮಾತು. ನಿಮಗೆ ಎಲ್ಲಕ್ಕಿಂತ ಜಾಸ್ತಿ ಸಹಾಯ ಮಾಡುವ ಸಾಲನ್ನು ನೀವು ನೋಡಿಯೇ ಇಲ್ಲ. ಕಾಲು ತೊಳೆಯಲು ಹೇಳುವಾಗ ಪೆನೆಲೋಪಿ ಮುದುಕಿಗೆ ಏನನ್ನುತ್ತಾಳೆ ನೋಡಿ. ಗ್ರೀಕಿನಲ್ಲಿ ಪದಗಳು ಬರುವ ಕ್ರಮ ಹೀಗೆ: 'ತೊಳೆ, ನಿನ್ನ ಒಡೆಯನ ಓರಗೆಯವನನ್ನು.' ಕೇಳುವವರು 'ನಿನ್ನ ಒಡೆಯನ' ಅಂದಾಗ 'ಕಾಲು' ಬರುತ್ತದೆ ಅಂದುಕೊಳ್ಳುತ್ತಾರೆ. ಬರುವುದು 'ಓರಗೆಯವನು'. ಒಡಿಸ್ಯೂಸನ ಕೈಕಾಲೂ ಈಗ ಹೀಗೇ ಆಗಿರಬೇಕು ಅಂತ ಅವಳೇ ಸೇರಿಸುತ್ತಾಳೆ. ನೀವು ಓದಿದ್ದು ಇಂಗ್ಲಿಷ್ ಅನುವಾದ. ಅಲ್ಲಿ 'ಓರಗೆಯವನು' ಮುಂದೆ ಬಂದು 'ಒಡೆಯ' ಹಿಂದೆ ಹೋಗುವುದು ಸಹಜ. ಕನ್ನಡದಲ್ಲಿ ಆ ಕ್ರಮ ತಾನಾಗಿಯೇ ಉಳಿಯುತ್ತದೆ. ಕನ್ನಡದಲ್ಲಿ ಬರೆಯುವ ನಿಮಗೆ ಇದೊಂದು ಭಾಗ್ಯ, ಬಳಸಿಕೊಳ್ಳಿ.

ಈ ಸಾಲಿನಿಂದ 'ಗೊತ್ತಿತ್ತು' ಅಂತ ಸಾಬೀತಾಗುವುದಿಲ್ಲ. 'ಎಲ್ಲೋ ಅನಿಸಿತ್ತು' ಅನ್ನುವಷ್ಟು ದೂರ ಹೋಗಬಹುದು. ಅಷ್ಟು ಸಾಕು. ಅಷ್ಟಾದರೆ ಅಳುವಿಗೂ ಅರ್ಥ ಉಳಿಯುತ್ತದೆ, ಮಂಚದ ಪರೀಕ್ಷೆಗೂ ಉಳಿಯುತ್ತದೆ. ಅನಿಸಿದ್ದನ್ನು ನಂಬಲು ಹೆದರುವ ಹೆಂಗಸು ಸಿಗುತ್ತಾಳೆ. ಅವಳು ನಿಮ್ಮ ಗುಟ್ಟಿನ ನಗೆಯವಳಿಗಿಂತ ನನಗೆ ಹತ್ತಿರ.

'ಇದುವರೆಗೆ ಯಾರೂ ಗಮನಿಸದ ಸತ್ಯ' ಎಂಬ ಮೊದಲ ವಾಕ್ಯ ತೆಗೆಯಿರಿ. ಗೊತ್ತಾಗುವ ಮೊದಲೇ ಅವಳಿಗೆ ಅನುಮಾನ ಬಂದಿತ್ತೇ ಎಂಬ ಪ್ರಶ್ನೆ 1ನೇ ಶತಮಾನದಲ್ಲಿ ರೋಮಿನ ತತ್ವಜ್ಞಾನಿ ಸೆನೆಕಾಗೂ ಗೊತ್ತಿತ್ತು. ಇಂಥದ್ದರಲ್ಲಿ ಹೊತ್ತು ಕಳೆಯಬಾರದು ಅಂದವನು ಅವನು. ನಾನು ಅವನ ಮಾತು ಒಪ್ಪುವುದಿಲ್ಲ.

ಲೇಖನವನ್ನು 24ನೇ ಸರ್ಗದಿಂದ ಶುರು ಮಾಡಿ ನೋಡಿ. ಪೆನೆಲೋಪಿಯನ್ನು ಮದುವೆಯಾಗಲು ಬಂದು ಸತ್ತವರಲ್ಲಿ ಆ್ಯಂಫಿಮೆಡಾನ್ ಒಬ್ಬ. ಸತ್ತವರ ಲೋಕದಲ್ಲಿ ಅವನು, ಟ್ರಾಯ್ ಯುದ್ಧದಲ್ಲಿ ಗ್ರೀಕರ ನಾಯಕನಾಗಿದ್ದ ಅಗಮೆಮ್ನಾನನಿಗೆ ನಡೆದದ್ದನ್ನೆಲ್ಲ ಹೇಳುತ್ತಾನೆ. ಒಡಿಸ್ಯೂಸನೇ ಉಪಾಯ ಮಾಡಿ, ಹೆಂಡತಿಗೆ ಹೇಳಿ ಬಿಲ್ಲಿನ ಪಂದ್ಯ ಇಡಿಸಿದ ಅನ್ನುತ್ತಾನೆ. ಗಂಡಹೆಂಡತಿ ಸೇರಿ ಮಾಡಿದ ಸಂಚು ಅಂತ ಅವನ ಊಹೆ. ನಾವು ಓದಿದ್ದು ಹಾಗಲ್ಲ. ಪಂದ್ಯದ ಮಾತು ಎತ್ತಿದವಳು ಅವಳೇ, ತಡ ಮಾಡಬೇಡ ಎಂದಷ್ಟೇ ಒಡಿಸ್ಯೂಸ್ ಹೇಳಿದ್ದ. ನಿಮ್ಮ ತೀರ್ಮಾನಕ್ಕೆ ತೀರಾ ಹತ್ತಿರದ ತೀರ್ಮಾನ ಇದು. ಕಾವ್ಯದೊಳಗೇ ಒಬ್ಬ ಅದಕ್ಕೆ ಬಂದಿದ್ದಾನೆ, ತಪ್ಪಿದ್ದಾನೆ. ಆ ರಾತ್ರಿ ಬೆಂಕಿಯ ಪಕ್ಕ ಅವರಿಬ್ಬರೂ ಆಡಿದ ಮಾತು ಅವನಿಗೆ ಕೇಳಿಸಿರಲಿಲ್ಲ. ನಿಮಗೆ ಕೇಳಿಸಿದೆ.

ತಿದ್ದಿದ ಪ್ರತಿಯನ್ನು ನನಗೇ ಕಳಿಸಿ.