ಆರು ಗೆಡ್ಡೆಗೆ ಆರು ದ್ವೀಪ: ಬ್ಯಾಚ್ ದೋಷ ಇರಲಿಕ್ಕಿಲ್ಲ

ಆರು ಗ್ಲಿಯೋಬ್ಲಾಸ್ಟೋಮಾಗಳ (ಮೆದುಳಿನ ಕ್ಯಾನ್ಸರ್ ಗೆಡ್ಡೆಗಳ) ಸಿಂಗಲ್ ಸೆಲ್ ಡೇಟಾದಲ್ಲಿ, ಅಂದರೆ ಒಂದೊಂದು ಕೋಶದ ಜೀನ್ ಚಟುವಟಿಕೆಯ ಅಳತೆಯಲ್ಲಿ, ರೋಗಿಗೊಂದು ಗುಂಪು ಬರುತ್ತಿದೆ, ಇದು ಬ್ಯಾಚ್ ದೋಷವೇ (ಮಾದರಿಗಳನ್ನು ಬೇರೆ ಬೇರೆ ಬಾರಿ ಸಂಸ್ಕರಿಸಿದ್ದರಿಂದ ಬಂದ ವ್ಯತ್ಯಾಸವೇ) ಎಂದು ಕೇಳಿದ್ದೀರಿ. ಬಹುಶಃ ಅಲ್ಲ. ಕ್ಯಾನ್ಸರ್ ಕೋಶಗಳ ಕ್ರೋಮೋಸೋಮ್ ಏರುಪೇರು ಒಬ್ಬೊಬ್ಬರಲ್ಲೂ ಬೇರೆ, ಅದಕ್ಕೇ ಅವು ಹೀಗೆ ಚದುರುತ್ತವೆ.

ಮೊದಲು ಗುಂಪುಗಳ ಚಿತ್ರದಲ್ಲಿ ಪಿಟಿಪಿಆರ್‌ಸಿ (ಪ್ರತಿರಕ್ಷಣಾ ಕೋಶದ ಗುರುತು), ಎಂಬಿಪಿ (ಆಲಿಗೋಡೆಂಡ್ರೋಸೈಟ್‌ನ ಗುರುತು) ಜೀನ್‌ಗಳಿಗೆ ಬಣ್ಣ ಹಾಕಿ ನೋಡಿ. ಪ್ರತಿರಕ್ಷಣಾ ಕೋಶಗಳೂ ಆಲಿಗೋಡೆಂಡ್ರೋಸೈಟ್‌ಗಳೂ (ನರತಂತುಗಳಿಗೆ ಹೊದಿಕೆ ಹಾಕುವ ಮಾಮೂಲಿ ಮೆದುಳಿನ ಕೋಶಗಳು) ಆರೂ ರೋಗಿಗಳದ್ದು ಹೆಚ್ಚು ಕಮ್ಮಿ ಬೆರೆತು ಕೂತಿವೆಯಾ? ಹಾಗಿದ್ದರೆ ಬ್ಯಾಚ್ ಚಿಂತೆ ಬಿಡಿ. ಕೆಲವು ಮಾದರಿಗೆ ಇಡೀ ಕೋಶ, ಕೆಲವಕ್ಕೆ ನ್ಯೂಕ್ಲಿಯಸ್ ಬಳಸಿದ್ದರೆ ಮಾತ್ರ ಲೆಕ್ಕ ಬೇರೆ. ಅದನ್ನು ನೀವು ಬರೆದಿಲ್ಲ.

ಆಮೇಲೆ ಆ ಮಾಮೂಲಿ ಕೋಶಗಳನ್ನೇ ಹೋಲಿಕೆಗೆ ಕೊಟ್ಟು ಇನ್ಫರ್‌ಸಿಎನ್‌ವಿ (ಜೀನ್ ಚಟುವಟಿಕೆಯಿಂದ ಕ್ರೋಮೋಸೋಮ್ ಏರುಪೇರು ಊಹಿಸುವ ತಂತ್ರಾಂಶ) ಓಡಿಸಿ. 7ನೇ ಕ್ರೋಮೋಸೋಮ್ ಜಾಸ್ತಿ, 10ನೇದು ಕಮ್ಮಿ ಕಂಡರೆ ಅವು ಗೆಡ್ಡೆಯ ಕೋಶಗಳು. ಎಲ್ಲ ಗೆಡ್ಡೆಯಲ್ಲೂ ಎರಡೂ ಇರಲೇಬೇಕೆಂದಿಲ್ಲ.

ಗೆಡ್ಡೆ ಕೋಶಗಳ ಮೇಲೆ ಸುಮ್ನೆ ಹಾರ್ಮನಿ (ಮಾದರಿಗಳ ನಡುವಿನ ವ್ಯತ್ಯಾಸ ಅಳಿಸಿ ಬೆರೆಸುವ ತಂತ್ರಾಂಶ) ಹಾಕಬೇಡಿ. ನಾನು ಹಾಕಿ ಕೆಟ್ಟಿದ್ದೇನೆ. ಚಿತ್ರ ಚೆಂದ ಬಂತು, ಆದರೆ ಇಜಿಎಫ್‌ಆರ್ ಎಂಬ ಜೀನ್‌ನ ಪ್ರತಿಗಳು ಜಾಸ್ತಿ ಇದ್ದ ಒಂದು ಉಪಗುಂಪು ಉಳಿದವುಗಳಲ್ಲಿ ಕರಗಿಹೋಗಿತ್ತು. ಔಷಧಿಗೆ ಯಾವ ಕೋಶ ಬಗ್ಗುತ್ತದೆ, ಯಾವುದು ತಪ್ಪಿಸಿಕೊಳ್ಳುತ್ತದೆ ಅನ್ನುವ ಸುಳಿವು ಇರುವುದೇ ಇಂಥ ಕಡೆ ಅಲ್ವಾ!

ಬದಲಿಗೆ ಒಬ್ಬೊಬ್ಬ ರೋಗಿಯ ಡೇಟಾವನ್ನು ಪ್ರತ್ಯೇಕವಾಗಿ ಇಟ್ಟುಕೊಂಡು, 2019ರಲ್ಲಿ ಸಂಶೋಧಕ ನೆಫ್ಟೆಲ್ ತಂಡ ಕೊಟ್ಟ ನಾಲ್ಕು ಸ್ಥಿತಿಗಳ (ಗ್ಲಿಯೋಬ್ಲಾಸ್ಟೋಮಾ ಕೋಶಗಳ ನಾಲ್ಕು ಬಗೆಗಳ) ಜೀನ್ ಪಟ್ಟಿಯಿಂದ ಪ್ರತಿ ಕೋಶಕ್ಕೂ ಅಂಕ ಹಾಕಿ. ಯಾವ ಸ್ಥಿತಿ ಎಷ್ಟು ಪಾಲು ಎಂದು ಆಮೇಲೆ ಹೋಲಿಸಿ. ಎರಡು ಸ್ಥಿತಿಯ ನಡುವೆ ನಿಂತ ಕೋಶಗಳನ್ನು ಕಸ ಅಂತ ಎಸೆಯಬೇಡಿ, ಅವು ನಿಜವಾಗಿಯೂ ಇರುತ್ತವೆ. ಆ ಪಟ್ಟಿ ಐಡಿಹೆಚ್ ಎಂಬ ಜೀನ್‌ನಲ್ಲಿ ಮ್ಯುಟೇಶನ್ ಇಲ್ಲದ ಗೆಡ್ಡೆಗಳದ್ದು, ಹಾಗಾಗಿ ಆರರ ಪೆಥಾಲಜಿ ರಿಪೋರ್ಟನ್ನೂ ಮೊದಲೇ ತೆಗೆದು ನೋಡಿ.