ಅಕ್ಕನಿಗೆ ಆ ಕ್ಯಾಪ್ಸೂಲ್ ಈಗ ಬೇಡ

"ಗಿಡದ ಸಾರ ಕುಡಿದ ಇಲಿಗಳಲ್ಲಿ ಜೀನ್‌ಗಳಿಗೆ ಆಗುವ ಹಾನಿ ತಗ್ಗಿತು ಎಂದು ಓದಿದೆ. ನನ್ನ ಅಕ್ಕನಿಗೆ ಸ್ತನ ಕ್ಯಾನ್ಸರ್, ಕೀಮೋ ನಡೆಯುತ್ತಿದೆ. ಅದೇ ಸಾರದ ಕ್ಯಾಪ್ಸೂಲ್ ತಂದಿಟ್ಟಿದ್ದೇನೆ. ಕೊಡಬಹುದಾ?" ಎಂದು ಕೇಳಿದ್ದೀರಿ.

ಸದ್ಯಕ್ಕೆ ಕೊಡಬೇಡಿ. ಸುಮ್ನೆ ಹೆದರಿಸಲು ಹೇಳುತ್ತಿಲ್ಲ, ಕಾರಣ ಆ ಪ್ರಯೋಗದ ಒಳಗೇ ಇದೆ.

ಇಲಿಗೆ ಕೆಲವು ದಿನ ಸಾರ ಕುಡಿಸುತ್ತಾರೆ. ಆಮೇಲೆ ಡಿಎನ್‌ಎ ಕೆಡಿಸುವ ರಾಸಾಯನಿಕ ಚುಚ್ಚುತ್ತಾರೆ. ಮರುದಿನವೋ ಅದರಾಚೆಗೋ ತೊಡೆಮೂಳೆಯ ಮಜ್ಜೆ ತೆಗೆದು, ಗಾಜಿನ ಸ್ಲೈಡ್ ಮೇಲೆ ಸವರಿ, ಬಣ್ಣ ಹಾಕಿ ಸೂಕ್ಷ್ಮದರ್ಶಕದಡಿ ಇಡುತ್ತಾರೆ. ಎಳೆಯ ಕೆಂಪು ರಕ್ತಕಣ ತನ್ನ ಕೋಶಕೇಂದ್ರವನ್ನು ಹೊರಗೆ ಹಾಕಿರುತ್ತದೆ. ಕ್ರೋಮೋಸೋಮ್, ಅಂದರೆ ಡಿಎನ್‌ಎ ಸುತ್ತಿಕೊಂಡಿರುವ ಎಳೆ, ಮುರಿದಿದ್ದರೆ ಅದರ ಚೂರು ಮಾತ್ರ ಗುಂಡನೆಯ ಪುಟ್ಟ ಚುಕ್ಕೆಯಾಗಿ ಒಳಗೇ ಉಳಿಯುತ್ತದೆ. ಆ ಚುಕ್ಕೆಗಳನ್ನು ಎಣಿಸುತ್ತಾರೆ. ಸಾರ ಕುಡಿದ ಇಲಿಯಲ್ಲಿ ಚುಕ್ಕೆ ಕಡಿಮೆ ಕಂಡರೆ, ಸಾರ ಕಾಪಾಡಿತು ಎಂದು ಬರೆಯುತ್ತಾರೆ.

ಎಷ್ಟೋ ಪ್ರಯೋಗಗಳಲ್ಲಿ ಆ ರಾಸಾಯನಿಕ ಯಾವುದು ಗೊತ್ತಾ? ಸೈಕ್ಲೋಫಾಸ್ಫಮೈಡ್. ಸ್ತನ ಕ್ಯಾನ್ಸರ್‌ಗೆ ಕೊಡುವ ಕೀಮೋ ಔಷಧಗಳಲ್ಲಿ ಅದೂ ಒಂದು! ಡಿಎನ್‌ಎ ಕೆಡಿಸಿಯೇ ಅದು ಕ್ಯಾನ್ಸರ್ ಕೋಶವನ್ನು ಕೊಲ್ಲುವುದು. ಸಾರ ಮಜ್ಜೆಯ ಒಳ್ಳೆಯ ಕೋಶವನ್ನಷ್ಟೇ ಕಾಯುತ್ತದೋ, ಗಡ್ಡೆಯ ಕೋಶವನ್ನೂ ಉಳಿಸಿಬಿಡುತ್ತದೋ? ಗಡ್ಡೆಯೇ ಇಲ್ಲದ ಇಲಿಯ ಮಜ್ಜೆ ನೋಡಿದರೆ ಅದು ತಿಳಿಯುವುದಿಲ್ಲ. ಇನ್ನೊಂದು ವಿಷಯ. ಈ ಔಷಧ ಲಿವರ್‌ನಲ್ಲಿ ಮಾರ್ಪಟ್ಟ ಮೇಲೇ ಕೆಲಸ ಶುರು ಮಾಡುವುದು. ಸಾರ ಲಿವರ್‌ನ ಆ ಕೆಲಸವನ್ನು ತಡೆದರೂ ಚುಕ್ಕೆ ಕಡಿಮೆಯಾಗುತ್ತದೆ. ಆಗ ಜೀನ್‌ಗೆ ರಕ್ಷಣೆ ಸಿಕ್ಕಿತು ಅಂತಲ್ಲ, ಔಷಧವೇ ಸಪ್ಪೆಯಾಯಿತು ಅಂತ, ಅಲ್ವಾ?

ಹಾಗಂತ ಈ ಸಂಶೋಧನೆಯೆಲ್ಲ ದಂಡ ಎನ್ನಲಾರೆ. ಬೂಷ್ಟು ಹಿಡಿದ ಧಾನ್ಯದಲ್ಲಿ ಹುಟ್ಟುವ ಅಫ್ಲಾಟಾಕ್ಸಿನ್ ಎಂಬ ವಿಷ ಡಿಎನ್‌ಎಗೆ ಅಂಟಿಕೊಂಡು ಲಿವರ್ ಕ್ಯಾನ್ಸರ್ ತರುತ್ತದೆ. ಚೀನಾದ ಚಿಡೊಂಗ್‌ನಲ್ಲಿ 180 ಜನರ ಮೇಲೆ ಒಂದು ಪರೀಕ್ಷೆ ನಡೆಯಿತು, 2001ರಲ್ಲಿ ಫಲಿತಾಂಶ ಬಂತು. ಎಲೆಯ ಹಸಿರಿನಿಂದ ತಯಾರಿಸಿದ ಕ್ಲೋರೋಫಿಲಿನ್ ಮಾತ್ರೆಯನ್ನು 4 ತಿಂಗಳು ನುಂಗಿದವರ ಮೂತ್ರದಲ್ಲಿ ಆ ಹಾನಿಯ ಗುರುತು ಶೇ 55ರಷ್ಟು ಕಡಿಮೆಯಿತ್ತು. ಅದನ್ನು ಓದಿ ನನಗೆ ನಿಜಕ್ಕೂ ಖುಷಿಯಾಗಿತ್ತು. ಆದರೆ ಅಲ್ಲಿದ್ದವರು ಆರೋಗ್ಯವಂತರು, ಕೀಮೋ ತೆಗೆದುಕೊಳ್ಳುತ್ತಿದ್ದವರಲ್ಲ. ಅಳೆದದ್ದು ಹಾನಿಯ ಗುರುತನ್ನು, ಕ್ಯಾನ್ಸರನ್ನಲ್ಲ.

ಗಿಡದ್ದು, ಜಾಸ್ತಿಯಾದರೂ ಏನಾಗುತ್ತೆ ಅನ್ನಿಸಬಹುದು. ಫಿನ್ಲೆಂಡ್‌ನಲ್ಲಿ 29 ಸಾವಿರಕ್ಕೂ ಹೆಚ್ಚು ಧೂಮಪಾನಿ ಗಂಡಸರನ್ನು ಸೇರಿಸಿ ದೊಡ್ಡ ಪರೀಕ್ಷೆ ಮಾಡಿದ್ದರು. ಕೆಲವರಿಗೆ ಬೀಟಾ ಕ್ಯಾರೋಟಿನ್ ಮಾತ್ರೆ. ತರಕಾರಿಯಲ್ಲಿರುವ ಅದೇ ಬಣ್ಣದ ಅಂಶ. 1994ರಲ್ಲಿ ಲೆಕ್ಕ ತೆಗೆದಾಗ, ಅದನ್ನು ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ 18ರಷ್ಟು ಹೆಚ್ಚೇ ಇತ್ತು.

ಅಕ್ಕ ಊಟದಲ್ಲಿ ಸೊಪ್ಪು, ತರಕಾರಿ, ಹಣ್ಣು ತಿನ್ನಲಿ, ಡಾಕ್ಟರ್ ಪಥ್ಯ ಹೇಳಿದ್ದರೆ ಅದರಂತೆ. ಕ್ಯಾಪ್ಸೂಲ್ ಬಾಟಲಿಯನ್ನು ಮುಂದಿನ ಕೀಮೋಗೆ ಹೋಗುವಾಗ ಕೈಯಲ್ಲೇ ಹಿಡಿದುಕೊಂಡು ಹೋಗಿ, ಲೇಬಲ್ ತೋರಿಸಿ. "ಅಕ್ಕನ ಔಷಧಕ್ಕೆ ಇದು ಅಡ್ಡ ಬರುತ್ತದಾ?" ಎಂದು ನೇರವಾಗಿ ಕೇಳಿ. ಈಗಾಗಲೇ ಒಂದೆರಡು ಕೊಟ್ಟಿದ್ದರೆ ಮುಚ್ಚಿಡಬೇಡಿ, ಎಂದಿನಿಂದ, ಎಷ್ಟು ಅಂತ ಹೇಳಿಬಿಡಿ.