25 ವರ್ಷವಾದರೂ ಅಪ್ಪ-ಅಮ್ಮನ ಜೊತೆ ಇರೋದು ತಪ್ಪಾ?

ನಿಮಗೆ 25, ಮಡಿಕೇರಿಯಲ್ಲೇ ಕೆಲಸ, ಅಪ್ಪ-ಅಮ್ಮನ ಜೊತೆಗೇ ಇದ್ದೀರಿ. ವಿದೇಶದಲ್ಲಿ 18ಕ್ಕೇ ಮನೆ ಬಿಡುತ್ತಾರಂತೆ, ನನ್ನದು ತಡವಾಯ್ತಾ ಅಂತ ಕೇಳಿದ್ದೀರಿ. ಖಂಡಿತ ಇಲ್ಲ. ನಮ್ಮ ಕೊಡಗಿನಲ್ಲಿ ಯಾರೂ ವಯಸ್ಸು ಕೇಳುವುದಿಲ್ಲ, ಕಾರಣ ಕೇಳುತ್ತಾರೆ.

ಓದು, ಮಿಲಿಟರಿ, ಬೆಂಗಳೂರಿನ ಕೆಲಸ, ಮದುವೆ. ಇದರಲ್ಲಿ ಒಂದು ಹೇಳಿದರೆ ಸಾಕು, ಬ್ಯಾಗು ಹೊತ್ತು ಬಸ್ ಹತ್ತಿಸಿ ಬರುತ್ತಾರೆ. ನಾನು 18ಕ್ಕೇ ಮೈಸೂರಿನ ಹಾಸ್ಟೆಲ್ ಸೇರಿದೆ, ಆಮೇಲೆ ಬೆಂಗಳೂರು. ಯಾರೂ ಏನೂ ಅನ್ನಲಿಲ್ಲ. 2020ರ ಲಾಕ್‌ಡೌನ್‌ನಲ್ಲಿ ಲ್ಯಾಪ್‌ಟಾಪ್ ಸಮೇತ ತೋಟದ ಮನೆಗೆ ಬಂದೆ. ಎರಡು ವರ್ಷ ಬಿಟ್ಟು ಗೋಣಿಕೊಪ್ಪದಲ್ಲಿ ಬಾಡಿಗೆ ಮನೆ ಮಾಡಿದೆ. ನಮ್ಮನೆಯಿಂದ ಬಸ್ಸಲ್ಲಿ ಅರ್ಧ ಗಂಟೆ, ಅಷ್ಟೇ.

ಅಬ್ಬಾ, ಆಗ ನೋಡಬೇಕಿತ್ತು! ಬೆಂಗಳೂರಿಗೆ ಹೋದಾಗ ಸುಮ್ಮನಿದ್ದವರಿಗೆ ಈ ಅರ್ಧ ಗಂಟೆ ತಡೆಯಲಿಲ್ಲ. ಒಂದು ಮದುವೆ ಊಟದಲ್ಲಿ ಚಿಕ್ಕಮ್ಮ ಕಡಂಬುಟ್ಟು (ಅಕ್ಕಿ ಕಡುಬು) ಮುರಿಯುತ್ತಾ, "ಅಪ್ಪನ ಜೊತೆ ಜಗಳಾನಾ?" ಅಂದರು. ಮಳೆಗಾಲದಲ್ಲಿ ಮರ ಬಿದ್ದರೆ ಮೂರು ದಿನ ಕರೆಂಟ್ ಇರಲ್ಲ, ಆಫೀಸ್ ಮೀಟಿಂಗ್ ತಪ್ಪುತ್ತೆ ಅಂದೆ. "ಓ, ಹಂಗಾ" ಅಂತ ಒಪ್ಪಿಕೊಂಡರು. ಸುಳ್ಳೇನಲ್ಲ, ಅರ್ಧ ನಿಜ. ಬಾಗಿಲು ಹಾಕಿಕೊಂಡು ಒಬ್ಬಳೇ ಇರಬೇಕು ಅನ್ನಿಸಿತ್ತು ಅನ್ನೋ ಇನ್ನರ್ಧವನ್ನು ಅಮ್ಮನಿಗೆ ಮಾತ್ರ ಹೇಳಿದೆ. ಅವರು ಒಂದು ವಾರ ನೆಟ್ಟಗೆ ಮಾತಾಡಲಿಲ್ಲ.

ಹಿರಿಯರನ್ನು ಬೈದು ಪ್ರಯೋಜನವಿಲ್ಲ. ಐನ್‌ಮನೆ, ಅಂದರೆ ಹಿರಿಯರ ಮೂಲ ಮನೆ, ಇಡೀ ಒಕ್ಕದ್ದು, ಅಂದರೆ ಮನೆತನದ್ದು. ತೋಟದಲ್ಲಿ ಬೇರೆ ಮನೆ ಕಟ್ಟಿಕೊಂಡವರೂ ಸುಗ್ಗಿ ಹಬ್ಬ ಹುತ್ತರಿಗೆ ಕದಿರು (ಭತ್ತದ ತೆನೆ) ತೆಗೆಯಲು ಅಲ್ಲಿಗೇ ಬರುತ್ತಾರೆ. ಅಂಥವರಿಗೆ, ಮದುವೆಯಾಗದ ಹುಡುಗಿ ಮನೆ ಬಿಟ್ಟಳು ಅಂದರೆ ಒಕ್ಕವನ್ನೇ ಬಿಟ್ಟ ಹಾಗೆ ಕೇಳಿಸುತ್ತೆ. ಹುಡುಗರಿಗೆ ಇಷ್ಟು ಕಾಟ ಇಲ್ಲ ಬಿಡಿ.

ನಿಮಗೆ ಅಲ್ಲೇ ಇಷ್ಟ ಇದ್ದರೆ ಇರಿ. ಆದರೆ ನೆಂಟರ ಹಾಗೆ ಇರಬೇಡಿ. ತೋಟ ಇದ್ದರೆ ಕಾಫಿ ಕೊಯ್ಲಿನಲ್ಲಿ ಕೂಲಿ ಲೆಕ್ಕ ಬರೆಯೋದಾದರೂ ನಿಮ್ಮದಾಗಲಿ. ಹೊರಡೋ ಮನಸ್ಸಿದ್ದರೆ ನಿಜ ಕಾರಣ ಮನೆಯವರಿಗೆ ಹೇಳಿ, ನೆಂಟರಿಗೆ ಕರೆಂಟ್ ಸಾಕು.

ಈ ಸಲ ಕಕ್ಕಡ ಹದಿನೆಂಟಕ್ಕೆ, ಅಂದರೆ ಮಳೆಗಾಲದ ಕಕ್ಕಡ ತಿಂಗಳಲ್ಲಿ ನಾವು ಮದ್ದುಸೊಪ್ಪು ತಿನ್ನುವ ದಿನಕ್ಕೆ, ನನಗೆ ರಜೆ ಸಿಗಲಿಲ್ಲ. ಅಮ್ಮನೇ ಮಳೆಯಲ್ಲಿ ಬಸ್ ಹತ್ತಿ ಮದ್ದುಸೊಪ್ಪಿನ ಪಾಯಸ ತಂದರು. ಡಬ್ಬಿ ಸೋರಿ ಸೆರಗೆಲ್ಲ ನೇರಳೆ. ಹೊರಡುವಾಗ ಇನ್ನೊಂದು ಬೀಗದ ಕೈ ಕೇಳಿದರು. ಕೊಟ್ಟೆ. ಬರೋ ಮುಂಚೆ ಫೋನ್ ಮಾಡಮ್ಮ ಅಂದೆ.